ಪಟ್ಟಿಯ ಕೊನೆಯ ಸಾಲು

ಫೈಲಿನ ದಾರ ಬಿಚ್ಚಿದ ಕೂಡಲೇ ತಂಬಾಕಿನ ವಾಸನೆ ಬಂತು. ಸೇದುವ ಬೀಡಿಯ ಹೊಗೆಯಲ್ಲ. ಒಣಗಿದ ಎಲೆಯದು, ಗೋಣಿಚೀಲದ್ದು, ಬಾಗಿಲು ಮುಚ್ಚಿದ ಗೋದಾಮಿನದು. ನಿಪ್ಪಾಣಿಯಲ್ಲಿ ವರ್ಷಗಟ್ಟಲೆ ಇದ್ದವರಿಗೆ ಆ ವಾಸನೆ ಗೊತ್ತೇ ಆಗುವುದಿಲ್ಲ ಎನ್ನುತ್ತಾರೆ. ಮೊನ್ನೆ ಸಂಜೆ ನನಗೆ ಗೊತ್ತಾಯಿತು.

ಎದುರು ಮನೆಯಲ್ಲಿ ಬಾಡಿಗೆಗಿರುವ ನರ್ಸ್ ಹುಡುಗಿ ಸ್ವಂತ ಮನೆ ಕೊಳ್ಳುವವಳಿದ್ದಾಳೆ. ಡ್ಯೂಟಿ ಮುಗಿಸಿ ಬಂದವಳು ಯೂನಿಫಾರ್ಮನ್ನೂ ಬದಲಿಸದೆ ಮೊಬೈಲನ್ನು ನನ್ನ ಮುಂದೆ ಹಿಡಿದಳು. "ಆಂಟಿ, ನೀವೂ ಲೋನ್ ಮಾಡೇ ಈ ಮನಿ ತಗೊಂಡವ್ರ ಅಲ್ಲೇನ್ರಿ? ಇದರಾಗ ಯಾವುದು ಚಲೋ ಅಂತ ಹೇಳ್ರಿ" ಎಂದಳು. ಪರದೆಯ ಮೇಲೆ ಏಳೆಂಟು ಬ್ಯಾಂಕುಗಳು ಒಂದರ ಕೆಳಗೊಂದು ಇದ್ದವು. ಪ್ರತಿಯೊಂದರ ಮುಂದೆಯೂ ದಪ್ಪ ಅಕ್ಷರದಲ್ಲಿ ಬಡ್ಡಿಯ ದರ. ಬೇರೇನೂ ಇಲ್ಲ. ನನ್ನ ಕಾಲದಲ್ಲಿ ಇದನ್ನೆಲ್ಲ ಒಬ್ಬರು ಹಾಳೆಯ ಮೇಲೆ ಬರೆದು ತೋರಿಸುತ್ತಿದ್ದರು ಎಂದು ಹೇಳಹೊರಟವಳು ಮಾತು ಬದಲಿಸಿದೆ. "ತಡಿ, ನನ್ನ ಫೈಲ್ ತೆಗೀತೀನಿ" ಎಂದು ಎದ್ದೆ.

ಹಾಳೆಯ ಮೇಲೆ ಬರೆದು ತೋರಿಸುತ್ತಿದ್ದ ಅವರನ್ನು ಊರಿನಲ್ಲಿ ಎಲ್ಲರೂ ದಲಾಲರು ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ತಂದೆಯ ಕಾಲದಿಂದ ಅವರದು ತಂಬಾಕಿನ ಅಡತ್ ಅಂಗಡಿ. ಅಕ್ಕೋಳದ ಕಡೆಯ ರೈತರು ತಂಬಾಕು ತಂದು ಇಳಿಸುವುದು, ಇವರು ವ್ಯಾಪಾರಿಗೆ ಮಾರಿಸಿ ಕೊಡುವುದು, ನಡುವೆ ತಮ್ಮ ದಲಾಲಿ ತೆಗೆದುಕೊಳ್ಳುವುದು. ಆ ವ್ಯಾಪಾರ ಕುಗ್ಗುತ್ತ ಬಂದಾಗ ಅದೇ ಅಂಗಡಿಯ ಅದೇ ಗಾದಿಯ ಮೇಲೆ ಕುಳಿತು ಮನೆಸಾಲ ಮಾಡಿಸಿಕೊಡುವ ಕೆಲಸ ಹಿಡಿದರು. ಬ್ಯಾಂಕಿನವರ ಭಾಷೆಯಲ್ಲಿ ಲೋನ್ ಏಜೆಂಟ್. ಅವರು ಮಾತ್ರ ಆ ಶಬ್ದವನ್ನು ಯಾವತ್ತೂ ಬಳಸಲಿಲ್ಲ. "ಮೊದಲ ತಂಬಾಕದ ದಲಾಲ, ಈಗ ಸಾಲದ ದಲಾಲ. ಚೀಲ ಹೊರೂದು ತಪ್ಪೇತಿ, ಅಷ್ಟ ರೀ" ಎನ್ನುತ್ತಿದ್ದರು.

ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಿದ್ದು ಎರಡು ಸಾವಿರದ ಮೂರನೇ ಇಸವಿಯ ಮಳೆಗಾಲದಲ್ಲಿ. ಆಗ ನನಗೆ ಐವತ್ತೆರಡು. ಇಂಗ್ಲಿಷ್ ಟೀಚರ್. ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದವಳು, ಮದುವೆಯಾಗದವಳು. ಸ್ಕೂಲಿನ ಕಂಪೌಂಡಿನೊಳಗಿನ ಕ್ವಾರ್ಟರ್ಸಿನ ಒಂದು ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದೆ. ರಿಟೈರ್ ಆದ ದಿನ ಆ ಕೋಣೆಯ ಬೀಗದಕೈಯನ್ನೂ ಕೊಡಬೇಕು ಎಂಬುದು ಮೊದಲಿನಿಂದ ಗೊತ್ತಿದ್ದದ್ದೇ. ಆದರೆ ಆ ವರ್ಷ ನನ್ನ ಸಹೋದ್ಯೋಗಿಯೊಬ್ಬರು ರಿಟೈರ್ ಆಗಿ, ಟ್ರಂಕು ಹಿಡಿದುಕೊಂಡು ತಮ್ಮನ ಮನೆಯ ಅಟ್ಟಕ್ಕೆ ಹೋಗಿದ್ದನ್ನು ನೋಡಿದೆ. ನನಗೆ ಅಂಥ ಅಟ್ಟವೂ ಇರಲಿಲ್ಲ. ಹುಡುಕಿದಾಗ ಈ ಮನೆ ಸಿಕ್ಕಿತು. ಎರಡು ಕೋಣೆ, ಅಡಿಗೆಮನೆ, ಮುಂದೆ ಚಿಕ್ಕ ವರಾಂಡ, ಒಂದು ಕಬ್ಬಿಣದ ಗೇಟು. ಒಡತಿ ಕೊಲ್ಹಾಪುರದ ಮಗಳ ಹತ್ತಿರ ಹೋಗುವವಳಿದ್ದಳು. "ಪಾಡವಾ ಮಟಾ ಹಾದಿ ನೋಡತೀನ್ರಿ ಬಾಯಾರ. ಆಮ್ಯಾಲೆ ಬಾಜೂಕಿನ ಕಿರಾಣಿಯವ್ರಿಗೆ ಕೊಟ್ಟಬಿಡಾಕಿ" ಎಂದು ಸ್ಪಷ್ಟವಾಗಿ ಹೇಳಿದ್ದಳು. ಮನೆಗೆ ಕೇಳಿದ ನಾಲ್ಕು ಲಕ್ಷದಲ್ಲಿ ನನ್ನ ಹತ್ತಿರ ಇದ್ದದ್ದು ಒಂದು. ದೀಪಾವಳಿಯ ಪಾಡ್ಯದೊಳಗೆ ಉಳಿದ ಮೂರು ಲಕ್ಷ ಹುಟ್ಟಬೇಕಿತ್ತು. ಇಲ್ಲವಾದರೆ ಈ ಮನೆಯೂ ಹೋಗುತ್ತಿತ್ತು, ನನ್ನ ವಯಸ್ಸಿಗೆ ಸಾಲ ಕೊಡುವ ಕಾಲವೂ ಮುಗಿಯುತ್ತಿತ್ತು.

ಮೊದಲ ದಿನವೇ ಅವರು ಕೇಳಿದ್ದು ಬಡ್ಡಿಯ ಮಾತಲ್ಲ. ನನ್ನ ವಯಸ್ಸು, ಪಗಾರ, ರಿಟೈರ್ ಆಗುವ ವರ್ಷ, ಕೊನೆಗೆ ಗ್ರ್ಯಾಚುಯಿಟಿ ಎಷ್ಟು ಬರಬಹುದು ಎಂಬುದು. ನನಗೆ ಮುಜುಗರವಾಯಿತು. ಬೋರ್ಡಿಂಗಿನಲ್ಲಿ ನಮ್ಮ ಮದರ್ ಒಂದು ಮಾತನ್ನು ನಮ್ಮ ತಲೆಗೆ ತುಂಬಿದ್ದರು: ಅ ಲೇಡಿ ಡಸ್ ನಾಟ್ ಡಿಸ್ಕಸ್ ಮನಿ. ಇಲ್ಲಿ ನೋಡಿದರೆ ಧೋತರ ಉಟ್ಟು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಗಂಡಸಿಗೆ ನನ್ನ ಪಗಾರದ ಚೀಟಿ ತೋರಿಸುತ್ತಿದ್ದೇನೆ.

"ಬಡ್ಡಿ ಎಲ್ಲಿ ಕಡಿಮಿ ಐತಿ, ಅಷ್ಟ ಹೇಳ್ರಿ" ಎಂದೆ, ಸ್ವಲ್ಪ ಬಿರುಸಾಗಿಯೇ.

ಅವರು ನಕ್ಕರು. ಗಾದಿಯ ಕೆಳಗಿನಿಂದ ಹಳೆಯದೊಂದು ಪಟ್ಟಿ ಎಳೆದು ತೋರಿಸಿದರು. ತಂಬಾಕು ಮಾರಿದ ಮೇಲೆ ಅಡತ್ ಅಂಗಡಿಯವರು ರೈತನ ಕೈಗೆ ಕೊಡುವ ಹಾಳೆಗೆ ಇಲ್ಲಿ ಪಟ್ಟಿ ಎನ್ನುತ್ತಾರೆ. ಮೇಲೆ ದರ ಮತ್ತು ತೂಕ, ಕೆಳಗೆ ಹಮಾಲಿ, ತೂಕದ ಖರ್ಚು, ಎಲ್ಲಕ್ಕಿಂತ ಕೊನೆಯಲ್ಲಿ ದಲಾಲಿ. ಅಷ್ಟನ್ನೂ ಕಳೆದು ರೈತನ ಕೈಗೆ ಉಳಿಯುವುದು.

"ರೈತ ಮ್ಯಾಲಿನ ಸಾಲು ಓದಿ ಕುಣಿದಾಡತಾನ್ರಿ. ನಮ್ಮಪ್ಪ ಹೇಳತಿದ್ದ, ಪಟ್ಟೀನ ತೆಳಗಿಂದ ಮ್ಯಾಲ ಓದಪಾ ಅಂತ. ಸಾಲಾನೂ ಹಂಗ ಓದಬೇಕ್ರಿ ಬಾಯಾರ."

ಅದು ಅವರ ಪದ್ಧತಿ. ಬಂದ ಪ್ರತಿಯೊಬ್ಬರಿಗೂ, ತಂಬಾಕಿಗೆ ಬರೆದು ಕೊಡುತ್ತಿದ್ದ ಹಾಗೆಯೇ, ಸಾಲಕ್ಕೂ ಒಂದು ಪಟ್ಟಿ. ಅಂಗಡಿಯ ಹೆಸರು ಅಚ್ಚಾಗಿದ್ದ ಹಳೆಯ ಪ್ಯಾಡು ಇನ್ನೂ ರಾಶಿ ಉಳಿದಿತ್ತು. ಅದರಲ್ಲೇ ಕಾರ್ಬನ್ ಇಟ್ಟು ಬರೆಯುತ್ತಿದ್ದರು. ಮೂಲ ಹಾಳೆ ನಮಗೆ, ನಕಲು ಅವರಿಗೆ. ಕೊನೆಯ ಸಾಲು ಅಲ್ಲಿಯೂ ದಲಾಲಿಯೇ. ಯಾವ ಬ್ಯಾಂಕಿನವರು ತಮಗೆ ಎಷ್ಟು ಕೊಡುತ್ತಾರೆ ಎಂಬುದನ್ನು ಗಿರಾಕಿಯ ಕಣ್ಣೆದುರೇ ಬರೆಯುತ್ತಿದ್ದರು.

ನಾನಿದ್ದಾಗಲೇ ಹಾರೂಗೇರಿಯಿಂದ ಬಂದಿದ್ದ ಬಸ್ ಕಂಡಕ್ಟರೊಬ್ಬ ಆ ಸಾಲನ್ನು ನೋಡಿ ಕಣ್ಣರಳಿಸಿದ. "ಯಪ್ಪಾ, ಕುಂತಲ್ಲೇ ಎರಡ ಸಾವಿರ! ನಾ ಇಡೀ ತಿಂಗಳ ಶೀಟಿ ಊದತೇನ್ರಿ."

"ನೀ ಊದಿದ್ರ ಬಸ್ಸರೆ ನಿಲ್ಲತೈತಿ. ನಾ ಎಷ್ಟ ಊದಿದ್ರೂ ಬ್ಯಾಂಕಿನ ಮ್ಯಾನೇಜರ್ ಕುರ್ಚಿ ಬಿಟ್ಟ ಏಳೂದಿಲ್ಲೋ ಮಾರಾಯಾ" ಎಂದರು ದಲಾಲರು.

ನಾನೂ ನಕ್ಕೆ. ಆಮೇಲೆ ಕೇಳಿದೆ, "ನನ್ನ ಕಡೆಯಿಂದ ನಿಮಗ ಏನ್ ಕೊಡಬೇಕ್ರಿ?"

"ಏನೂ ಬ್ಯಾಡ್ರಿ. ಬ್ಯಾಂಕಿನವರು ಕೊಡತಾರ."

"ಅವರು ಎಲ್ಲಿಂದ ತರತಾರ?"

"ನಿಮ್ಮ ಕಡೆಯಿಂದನ ತಗೊಂಡ ಕೊಡತಾರ್ರಿ, ಮತ್ತೆಲ್ಲಿಂದ ತರಬೇಕು? ಅದಕ್ಕ ಅದನ್ನ ಬರದ ತೋರಸೂದು."

ಆಮೇಲಿನ ಎರಡು ತಿಂಗಳು ಅವರು ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಕ್ವಾರ್ಟರ್ಸಿಗೆ ಬರುತ್ತಿದ್ದರು. ಬಂದಾಗಲೆಲ್ಲ ಫೈಲಿಗೆ ಒಂದು ಕಾಗದ ಸೇರುತ್ತಿತ್ತು. ಸಿಟಿ ಸರ್ವೆ ಕಚೇರಿಯಿಂದ ಮನೆ ಯಾರ ಹೆಸರಿಗಿದೆ ಎಂಬ ಉತಾರ, ಪುರಸಭೆಯಿಂದ ತೆರಿಗೆಯ ರಸೀದಿ, ಮನೆಯ ಮೇಲೆ ಯಾವ ಸಾಲವೂ ಇಲ್ಲವೆಂಬ ದಾಖಲೆ, ಒಡತಿಯ ಗಂಡನ ಕಾಲದ ಹಳೆಯ ಖರೀದಿಪತ್ರದ ನಕಲು. ಖರ್ಚಾದದ್ದಕ್ಕೆ ರಸೀದಿ ಕೊಡುತ್ತಿದ್ದರು, ರಸೀದಿಯಷ್ಟೇ ತೆಗೆದುಕೊಳ್ಳುತ್ತಿದ್ದರು. ಒಂಟಿ ಹೆಂಗಸಿನ ಕೋಣೆ ಎಂದು ಒಳಗೆ ಬರುತ್ತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ, ಹಾದುಹೋಗುವವರಿಗೆಲ್ಲ ಕಾಣುವ ಹಾಗೆ ಕುಳಿತು, ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡು ಕುಡಿಯುತ್ತಿದ್ದರು. ನಾನು ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ.

ಶನಿವಾರವೇ ಬಿಸ್ಕಿಟು ತಂದಿಡತೊಡಗಿದ್ದೆ ಎಂಬುದು ಈಗ ನೆನಪಾದರೆ ನಗು ಬರುತ್ತದೆ... ಭಾನುವಾರ ಸಂಜೆ ಎಂದರೆ ಅದುವರೆಗೆ ನನಗೆ ಕಾಪಿ ತಿದ್ದುವ ಹೊತ್ತು, ಅಷ್ಟೇ. ಅವರಿಗೆ ನನ್ನ ಪಗಾರ ಗೊತ್ತು, ಬಿಪಿ ಗೊತ್ತು, ಅಣ್ಣ ನನ್ನೊಡನೆ ಮಾತು ಬಿಟ್ಟದ್ದು ಗೊತ್ತು. ಅವರ ಬಗ್ಗೆ ನಾನು ಏನನ್ನೂ ಕೇಳಲಿಲ್ಲ. ಮನೆಯಲ್ಲಿ ಯಾರಿದ್ದಾರೆ, ಮನೆ ಎಲ್ಲಿದೆ... ಒಂದನ್ನೂ. ಕೇಳುವುದು ಸಭ್ಯತೆಯಲ್ಲ ಎಂದುಕೊಂಡಿದ್ದೆ. ಅದು ಸಭ್ಯತೆಯಾಗಿತ್ತೋ ಬಿಂಕವಾಗಿತ್ತೋ, ದೇವರಿಗೇ ಗೊತ್ತು.

ದಸರಾಕ್ಕೆ ಮೂರು ವಾರವಿರುವಾಗ ಒಂದು ಭಾನುವಾರ ನನ್ನ ಪಟ್ಟಿ ತಂದರು. ಎರಡು ಕಾಲಂ. ಎಡಕ್ಕೆ ಬೆಳಗಾವಿಯ ಒಂದು ಫೈನಾನ್ಸ್ ಕಂಪನಿ, ಬಲಕ್ಕೆ ಚಿಕ್ಕೋಡಿಯಲ್ಲಿ ಆಗಷ್ಟೇ ತೆರೆದಿದ್ದ ಒಂದು ಬ್ಯಾಂಕು. ಕಂಪನಿಯದು ನೂರಕ್ಕೆ ಎಂಟೂಕಾಲು, ಬ್ಯಾಂಕಿನದು ಎಂಟೂಮುಕ್ಕಾಲು. ಹತ್ತು ವರ್ಷದ ಸಾಲ. ತಿಂಗಳ ಕಂತು ಮಾತ್ರ ಕಂಪನಿಯದು ಮೂರು ಸಾವಿರದ ಏಳುನೂರ ಅರವತ್ತೆಂಟು, ಬ್ಯಾಂಕಿನದು ಮೂರು ಸಾವಿರದ ಏಳುನೂರ ಅರವತ್ತು.

"ಬಡ್ಡಿ ಕಡಿಮಿ ಇದ್ದದ್ದರ ಕಂತು ಹೆಚ್ಚು ಹೆಂಗಾಗತೈತ್ರಿ? ತಪ್ಪು ಬರದೀರಿ" ಎಂದೆ.

"ತಪ್ಪಲ್ರಿ. ನೀವು ತಿಂಗಳಾ ತಿಂಗಳಾ ರೊಕ್ಕ ತುಂಬತೀರಿ. ಕಂಪನಿಯವರು ಅದನ್ನ ಅಸಲಿನಾಗ ಕಳಿಯೂದು ವರ್ಷಕ್ಕೊಮ್ಮೆ. ಏಪ್ರಿಲ್‌ದಾಗ ತುಂಬಿದ ರೊಕ್ಕದ ಮ್ಯಾಲೂ ನೀವು ಮಾರ್ಚ್ ಮಟಾ ಬಡ್ಡಿ ಕೊಡಾಕತ್ತಿರತೀರಿ. ಬ್ಯಾಂಕಿನವರು ಪ್ರತಿ ತಿಂಗಳ ಕಳೀತಾರ. ಅಂಗಡಿಯಾಂವಗ ನೀವು ತಿಂಗಳಾ ರೊಕ್ಕ ಕೊಟ್ಟು, ಅಂವ ದೀಪಾವಳಿಗೊಮ್ಮೆ ಬರಕೊಂಡ್ರ ಸುಮ್ಮನಿರತೀರೇನ್ರಿ?"

ನಂತರ ಬೆರಳನ್ನು ಕೆಳಗಿಳಿಸಿದರು. ಪ್ರೊಸೆಸಿಂಗ್ ಫೀ ಅಲ್ಲಿ ಮೂರು ಸಾವಿರ, ಇಲ್ಲಿ ಒಂದೂವರೆ. ಅವಧಿಗಿಂತ ಮುಂಚೆ ಸಾಲ ತೀರಿಸಿದರೆ ಅಲ್ಲಿ ಉಳಿದ ಅಸಲಿನ ಮೇಲೆ ನೂರಕ್ಕೆ ಎರಡು ದಂಡ, ಇಲ್ಲಿ ಏನೂ ಇಲ್ಲ. ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಎರಡು ಗೆರೆ ಎಳೆದರು. "ನೀವು ಆರ ವರ್ಷಕ್ಕ ರಿಟೈರ್ ಆಗತೀರಿ. ಗ್ರ್ಯಾಚುಯಿಟಿ ಬಂದ ದಿನಾನ ಎಲ್ಲಾ ತೀರಿಸಿ ಕಾಗದ ಮನಿಗೆ ತರಬೇಕಂತೀರಿ. ಖರೇ ಅಲ್ರಿ? ಹಂಗಾರ ನಿಮಗ ಇದ ಸಾಲು ದೊಡ್ಡದು. ಚಿಕ್ಕೋಡೀದ ತಗೋರಿ."

ನನ್ನ ಕಣ್ಣು ಅದಾಗಲೇ ಕೊನೆಯ ಸಾಲಿಗೆ ಹೋಗಿತ್ತು. ದಲಾಲಿ: ಬೆಳಗಾವಿ, ಇಲ್ಲ. ಚಿಕ್ಕೋಡಿ, ಒಂದೂವರೆ ಸಾವಿರ.

ಇಷ್ಟೇ. ಅವರಿಗೆ ಎಲ್ಲಿ ದುಡ್ಡು ಸಿಗುತ್ತದೋ ಅಲ್ಲಿಗೇ ನನ್ನನ್ನು ಕಳಿಸುತ್ತಿದ್ದಾರೆ. ಅದನ್ನು ತಾವೇ ಬರೆದು ತೋರಿಸಿದ್ದರಲ್ಲ, ಹಾಗಾದರೆ ಮೋಸ ಎಲ್ಲಿಂದ ಬಂತು ಎಂದು ನನಗೆ ಹೊಳೆಯಲಿಲ್ಲ. ಉಲ್ಟಾ ಯೋಚಿಸಿದೆ. ತನ್ನ ಗಳಿಕೆಯನ್ನು ಇಷ್ಟು ಸಲೀಸಾಗಿ ಬರೆಯುವವನು ಇದಕ್ಕಿಂತ ದೊಡ್ಡದನ್ನು ಏನೋ ಮುಚ್ಚಿಡುತ್ತಿರಬೇಕು ಎಂದುಕೊಂಡೆ. ಸ್ಟಾಫ್‌ರೂಮಿನಲ್ಲಿ ಹೇಳಿದಾಗ ಗಣಿತದ ಟೀಚರ್ ಪಟ್ಟಿಯನ್ನು ನೋಡುವ ಗೋಜಿಗೂ ಹೋಗದೆ, "ಏಜೆಂಟ್ಸ್ ಆರ್ ಏಜೆಂಟ್ಸ್, ಮೈ ಡಿಯರ್" ಎಂದರು. ನನಗೆ ಬೇಕಾಗಿದ್ದದ್ದೂ ಅಂಥದೇ ಒಂದು ಮಾತು.

ಮುಂದಿನ ಶನಿವಾರ ಅರ್ಧ ದಿನದ ಸ್ಕೂಲು. ಆ ಫೈಲನ್ನೇ ಎದೆಗವಚಿಕೊಂಡು ಬೆಳಗಾವಿಯ ಬಸ್ಸು ಹತ್ತಿದೆ. ಎರಡು ತಿಂಗಳು ಅವರು ಕಚೇರಿಯಿಂದ ಕಚೇರಿಗೆ ಅಲೆದು ಕೂಡಿಸಿದ ಕಾಗದಗಳು. ಕಂಪನಿಯ ಆಫೀಸಿನಲ್ಲಿ ಏರ್‌ಕಂಡೀಷನ್ ಇತ್ತು, ಗಾಜಿನ ಬಾಗಿಲಿತ್ತು, ಟೈ ಕಟ್ಟಿದ ತರುಣನಿದ್ದ. ಅವನು ಎದ್ದು ನಿಂತು, "ಗುಡ್ ಆಫ್ಟರ್‌ನೂನ್, ಮ್ಯಾಮ್, ಪ್ಲೀಸ್ ಬಿ ಸೀಟೆಡ್" ಎಂದ. ಪಾಠ ಒಪ್ಪಿಸುವ ಮಕ್ಕಳನ್ನು ಬಿಟ್ಟರೆ ನನ್ನ ಜೊತೆ ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿ ಎಷ್ಟೋ ಕಾಲವಾಗಿತ್ತು. ನನ್ನ ಬೆನ್ನು ತಾನೇ ನೆಟ್ಟಗಾಯಿತು. ಕಾಗದಗಳನ್ನು ತಿರುವಿ ನೋಡಿ ಅವನು, "ಎಷ್ಟು ಪರ್ಫೆಕ್ಟ್ ಫೈಲ್, ಮ್ಯಾಮ್! ಎಲ್ಲ ನೀವೇ ಮಾಡಿಸಿದ್ರಾ?" ಎಂದ. ನಾನು ಮುಗುಳ್ನಕ್ಕೆ. ಕಂತು ಎಷ್ಟಾಗುತ್ತದೆ ಎಂದು ಕೇಳಿದಾಗ ಕಂಪ್ಯೂಟರ್ ನೋಡಿ ಮೂರು ಸಾವಿರದ ಏಳುನೂರ ಅರವತ್ತೆಂಟು ಎಂದ. ಆ ಅಂಕಿ ಎಲ್ಲೋ ಕಂಡದ್ದು ಎನಿಸಿತು... ಮನಸ್ಸು ಅಲ್ಲಿ ನಿಲ್ಲಲಿಲ್ಲ.

ಫಾರ್ಮಿನ ಎರಡನೇ ಪುಟದಲ್ಲಿ ಒಂದು ಕಾಲಂ ಇತ್ತು. ಈ ಅರ್ಜಿಗೆ ನೆರವಾದ ಏಜೆಂಟರ ಹೆಸರು. ಕಾನ್ವೆಂಟಿನಲ್ಲಿ ಬಹುಮಾನ ತಂದುಕೊಟ್ಟ ದುಂಡು ಅಕ್ಷರದಲ್ಲಿ ಅಲ್ಲಿ 'ನಿಲ್' ಎಂದು ಬರೆದೆ. ಆ ಕಂಪನಿಯಿಂದ ಅವರಿಗೆ ಹೇಗೂ ಏನೂ ಸಿಗುತ್ತಿರಲಿಲ್ಲ. ಆದರೂ ಬರೆಯುವಾಗ ಎಡಗೈಯಿಂದ ಆ ಸಾಲನ್ನು ಮರೆಮಾಡಿಕೊಂಡಿದ್ದೆ, ಪರೀಕ್ಷೆಯಲ್ಲಿ ಪಕ್ಕದವಳು ನೋಡದಿರಲಿ ಎಂದು ಮಾಡುವ ಹಾಗೆ.

ಮರುದಿನ ಭಾನುವಾರ. ನಾಲ್ಕು ಗಂಟೆಗೆ ಅವರು ಬರುತ್ತಾರೆಂದು ಮೂರೂವರೆಗೇ ಬೀಗ ಹಾಕಿಕೊಂಡು ಚರ್ಚಿನ ಕಡೆ ನಡೆದೆ. ಅದರ ಮುಂದಿನ ಭಾನುವಾರವೂ ಹಾಗೇ ಮಾಡಿದೆ. ಆಮೇಲೆ ಅವರು ಬರಲಿಲ್ಲ.

ಪಾಡವಾಕ್ಕೆ ನಾಲ್ಕು ದಿನವಿರುವಾಗ ರಜಿಸ್ಟ್ರಿ. ಸಬ್ ರಜಿಸ್ಟ್ರಾರ್ ಕಚೇರಿಯ ಅಂಗಳದಲ್ಲಿ ಒಡತಿ, ಕಂಪನಿಯ ಟೈ ಕಟ್ಟಿದ ತರುಣ, ನಾನು. ಇಬ್ಬರು ಸಾಕ್ಷಿ ಬೇಕು. ಒಬ್ಬ ಒಡತಿಯ ಅಳಿಯ. ಇನ್ನೊಬ್ಬರು ನಮ್ಮ ಗಣಿತದ ಟೀಚರ್, ಬರುತ್ತೇನೆಂದವರು ಬರಲಿಲ್ಲ. ನಮ್ಮ ಸರದಿಯ ನಂಬರು ಕೂಗಿಯಾಗಿತ್ತು. ಈ ಸರದಿ ತಪ್ಪಿದರೆ ಮುಂದೆ ಹಬ್ಬದ ರಜೆ, ರಜೆ ಮುಗಿಯುವ ಹೊತ್ತಿಗೆ ಮನೆ ಕಿರಾಣಿಯವರದು. ಒಡತಿ ಆಗಲೇ ಗೊಣಗತೊಡಗಿದ್ದಳು. ತಿರುಗಿ ನೋಡಿದರೆ ಬೇವಿನ ಗಿಡದ ಕೆಳಗೆ, ಬೇರೆ ಯಾರದೋ ಕಾಗದ ಹಿಡಿದುಕೊಂಡು, ದಲಾಲರು ನಿಂತಿದ್ದರು. ನನ್ನನ್ನು ನೋಡಿದರು, ಆ ತರುಣನ ಟೈಯನ್ನು ನೋಡಿದರು, ಅವನ ಕೈಯಲ್ಲಿದ್ದ ಫೈಲನ್ನು ನೋಡಿದರು. ದಾರ ಅವರೇ ಕಟ್ಟಿದ್ದು.

ಹತ್ತಿರ ಬಂದು, "ಯಾಕ್ರಿ ಬಾಯಾರ, ಸಾಕ್ಷಿ ಕಡಿಮಿ ಬಿದ್ದಾರೇನು?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

"ನಡೀರಿ, ನಾ ಹಾಕತೇನಿ."

ಒಳಗೆ ಬಂದು, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಕಿಸೆಗಿಟ್ಟು, ನನ್ನ ಪೆನ್ನು ಇಸಿದುಕೊಂಡು ಸಹಿ ಮಾಡಿದರು. ಕೆಳಗೆ ವಿಳಾಸ ಬರೆದರು. ಹೊರಗೆ ಬಂದ ಮೇಲೆ ನಾನು ಪರ್ಸಿನಿಂದ ಐದುನೂರರ ನೋಟು ತೆಗೆದು, "ನಿಮಗ ಭಾಳ ತ್ರಾಸ ಆತು..." ಎಂದು ಚಾಚಿದೆ. ಅವರು ನೋಟನ್ನು ನೋಡಲಿಲ್ಲ.

"ಸಾಕ್ಷಿ ಸೈಗೆ ರೊಕ್ಕ ತಗೋಬಾರದ್ರಿ. ಚಂದಾಗಿ ಇರ್ರಿ ಮನ್ಯಾಗ" ಎಂದು ಮರದ ಕೆಳಗಿನ ತಮ್ಮ ಗಿರಾಕಿಯ ಹತ್ತಿರ ಹೋದರು. ಅವರನ್ನು ನಾನು ಕೊನೆಯ ಸಲ ನೋಡಿದ್ದು ಅದೇ.

ಖರೀದಿಪತ್ರವನ್ನು ಕಂಪನಿಯವರು ಒಯ್ದರು. ಸಾಲ ತೀರುವವರೆಗೆ ಅದು ಅವರ ತಿಜೋರಿಯಲ್ಲಿರಬೇಕು. ಅದಕ್ಕೆ ಮೊದಲು ಝೆರಾಕ್ಸ್ ಮಾಡಿಸಿಕೊಂಡೆ, ಆದರೆ ಮೊದಲೆರಡು ಹಾಳೆ ಮಾತ್ರ, ನನ್ನ ಹೆಸರಿದ್ದವು. ಕೊನೆಯ ಹಾಳೆ ಏತಕ್ಕೆ ಬೇಕು ಎನಿಸಿತ್ತು. ಮನೆಗೆ ಎರಡು ಬೆತ್ತದ ಕುರ್ಚಿ ತಂದು ವರಾಂಡದಲ್ಲಿಟ್ಟೆ. ಒಂದರಲ್ಲಿ ನಾನು ಕೂರುತ್ತಿದ್ದೆ. ಭಾನುವಾರ ನಾಲ್ಕು ಗಂಟೆಗೆ ಗೇಟಿನ ಸಪ್ಪಳವಾದರೆ ಕಿವಿ ಅತ್ತ ಹೋಗುತ್ತಿತ್ತು. ಹಾಲಿನವನೋ, ಪಕ್ಕದ ಮನೆಯ ಆಡೋ... ಹೋಗಿ ತಪ್ಪಾಯಿತು ಎನ್ನಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಅಂಗಡಿಯ ಓಣಿಯ ತುದಿಯವರೆಗೆ ಎರಡು ಸಲ ಹೋದೆ ಕೂಡ. ಒಮ್ಮೆ ಬಾಗಿಲು ಮುಚ್ಚಿತ್ತು. ಇನ್ನೊಮ್ಮೆ ತೆರೆದಿತ್ತು, ನಾನೇ ತಿರುಗಿ ಬಂದೆ. ಹೀಗೆ ಆರು ವರ್ಷ.

ರಿಟೈರ್ ಆಗಿ ಗ್ರ್ಯಾಚುಯಿಟಿ ಬಂದ ವಾರವೇ ಸಾಲ ತೀರಿಸಲು ಬೆಳಗಾವಿಗೆ ಹೋದೆ. ಟೈ ಕಟ್ಟಿದ ಆ ತರುಣ ಇರಲಿಲ್ಲ, ಬೇರೆ ಒಬ್ಬ ತರುಣನಿದ್ದ. ಉಳಿದ ಅಸಲು, ಮಾರ್ಚ್ ತನಕದ ಬಡ್ಡಿ, ಅದರ ಕೆಳಗೆ ಪ್ರೀಪೇಮೆಂಟ್ ಚಾರ್ಜ್ ಎಂದು ಮೂರು ಸಾವಿರಕ್ಕೆ ಸ್ವಲ್ಪ ಕಡಿಮೆ. "ಇಟ್ಸ್ ಇನ್ ಯುವರ್ ಅಗ್ರೀಮೆಂಟ್, ಮ್ಯಾಮ್" ಎಂದ. ಸಹಿ ನನ್ನದೇ. ಮನೆಗೆ ಬಂದು ಪಟ್ಟಿ ತೆಗೆದು ನೋಡಿದೆ. ಪೆನ್ಸಿಲಿನ ಎರಡು ಗೆರೆಗಳು ಮಾಸದೆ ಹಾಗೇ ಇದ್ದವು. ಮೂರು ಸಾವಿರ ದೊಡ್ಡ ಮೊತ್ತವಲ್ಲ, ಅದಕ್ಕಾಗಿ ನಾನೇನೂ ಅಳಲಿಲ್ಲ. ಅವರಿಗೂ ಲಾಭ, ನನಗೂ ಒಳ್ಳೆಯದು, ಎರಡೂ ಒಂದೇ ಜಾಗದಲ್ಲಿ ಇರಬಹುದು ಎಂಬುದು ಐವತ್ತೆರಡು ವರ್ಷದ, ಇಷ್ಟೆಲ್ಲ ಓದಿದ ಹೆಂಗಸಿಗೆ ಹೊಳೆಯಲೇ ಇಲ್ಲವಲ್ಲ...

ವಾಪಸು ಬಂದ ಖರೀದಿಪತ್ರದ ಕೊನೆಯ ಹಾಳೆಯನ್ನು ಆಗ ಮೊದಲ ಸಲ ಓದಿದೆ. ಸಾಕ್ಷಿ ನಂಬರ್ ಎರಡು. ಹೆಸರು, ಸಹಿ, ಕೆಳಗೆ ಮನೆಯ ವಿಳಾಸ. ನಮ್ಮ ಓಣಿಯಿಂದ ಮೂರನೆಯ ಓಣಿ. ನಡೆದರೆ ಐದು ನಿಮಿಷ. ಆರು ವರ್ಷ ಅವರು ನನ್ನಿಂದ ಐದು ನಿಮಿಷದ ದೂರದಲ್ಲಿದ್ದರು.

ಆಗಲೇ ಚಪ್ಪಲಿ ಮೆಟ್ಟಿ ಹೊರಟೆ. ಹಂಚಿನ ಮನೆ. ಬಾಗಿಲು ತೆರೆದವರು ವಯಸ್ಸಾದ ಹೆಂಗಸು, ದಲಾಲರ ಅಕ್ಕ. ದಲಾಲರು ಇದ್ದಾರೇನ್ರಿ ಎಂದೆ. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಒಳಗೆ ಬಾ ಎಂದರು.

"ತಮ್ಮ ಹೋಗಿ ಎಂಟ ತಿಂಗಳಾತವಾ. ಎದಿನೋವಂತ ಕುಂತಾಂವ ಏಳಲಿಲ್ಲ" ಎಂದರು. ಚಾಪೆ ಹಾಸಿ ಕೂರಿಸಿ, "ನೀ ಇಂಗ್ಲಿಷ್ ಸಾಲಿ ಬಾಯಾರ ಅಲ್ಲಾ? ಆ ಹಸರ ಗೇಟಿನ ಮನಿ?"

"ನಿಮಗ ಹೆಂಗ ಗೊತ್ತರಿ?"

"ಅಂವ ಹೇಳತಿದ್ದ. ಬಾಯಾರು ಗೇಟಿಗೆ ಬಣ್ಣಾ ಹಚ್ಚ್ಯಾರಕ್ಕಾ, ಹಸರ ಬಣ್ಣಾ ಅಂತ. ನೀ ಸಾಲಿಗೆ ಹೋದಮ್ಯಾಲ ದಿನಾ ಆ ಓಣ್ಯಾಗಿಂದನ ಅಂಗಡಿಗೆ ಹೋಗತಿದ್ದ."

ಗೂಡಿನಲ್ಲಿ ಕಾರ್ಬನ್ ನಕಲುಗಳ ಪ್ಯಾಡುಗಳನ್ನು ಜೋಡಿಸಿಟ್ಟಿದ್ದರು. ನೋಡಬಹುದೇ ಎಂದು ಕೇಳಿದೆ. ನೀಲಿ ಅಕ್ಷರಗಳು, ಚಿಕ್ಕೋಡಿ, ರಾಯಬಾಗ, ಅಥಣಿ, ಎಲ್ಲೆಲ್ಲಿಂದಲೋ ಬಂದವರ ಪಟ್ಟಿಗಳು. ನನ್ನದೂ ಇತ್ತು. ನನ್ನದರ ನಂತರದ ಹಾಳೆಗಳಲ್ಲಿ ಬಡ್ಡಿ ಇತ್ತು, ಕಂತು ಇತ್ತು, ಫೀ ಇತ್ತು, ದಂಡ ಇತ್ತು. ಕೊನೆಯ ಸಾಲು ಇರಲಿಲ್ಲ. ಒಂದರಲ್ಲೂ ಇರಲಿಲ್ಲ.

"ದಲಾಲಿ ಬರದಿಲ್ಲಲ್ರಿ ಇದರಾಗ?" ಎಂದೆ.

"ಬಿಟ್ಟಬಿಟ್ಟ. ಅಪ್ಪನ ಕಾಲದಿಂದ ಬಂದದ್ದು, ಯಾಕ ಬಿಟ್ಟೀಯೋ ಅಂತ ನಾನೂ ಕೇಳಿದೆ. ಬರದ್ರ ಮಂದಿ ಅಂಜತಾರಕ್ಕಾ ಅಂದ. ಯಾರು, ಏನು, ಒಟ್ಟ ಹೇಳಲಿಲ್ಲ" ಎಂದು ಆಕೆ ಚಹಾಕ್ಕೆ ಇಡಲು ಒಳಗೆ ಹೋದರು. ನಾನು ಆ ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಅದಕ್ಕೂ ಇದೇ ತಂಬಾಕಿನ ವಾಸನೆ.

ಆ ಅಕ್ಕನೂ ಎರಡು ವರ್ಷದ ಮೇಲೆ ಹೋದರು. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ.

ಮೊನ್ನೆ ನರ್ಸ್ ಹುಡುಗಿ ಎರಡನೆಯ ಬೆತ್ತದ ಕುರ್ಚಿಯಲ್ಲಿ ಕುಳಿತು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ನಾನು ಅವಳಿಗೆ ಕೆಳಗಿನಿಂದ ಮೇಲೆ ಓದುವುದನ್ನು ಕಲಿಸಿದೆ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇದೇನ್ರಿ ಆಂಟಿ, ದಲಾಲಿ?" ಎಂದಳು.

"ಸಾಲ ಮಾಡಿಸಿಕೊಟ್ಟವರಿಗೆ ಸಿಗೋದು."

"ಅದನ್ನ ಅವರ ಬರದಾರ? ನನಗ ಗಂಟುಬಿದ್ದಾಂವ ಫ್ರೀ ಸರ್ವಿಸ್ ಮ್ಯಾಡಂ, ಫ್ರೀ ಸರ್ವಿಸ್ ಅಂತಾನ್ರಿ."

"ಕೇಳು ಅವನ್ನ. ಯಾವ ಬ್ಯಾಂಕಿನವರು ನಿನಗ ಎಷ್ಟು ಕೊಡತಾರ, ಬರದು ಕೊಡು ಅಂತ."

"ಸಿಟ್ಟಿಗೆ ಬಂದ್ರ?"

"ಬರಲಿ. ಸಿಟ್ಟು ಮಾಡಿದ್ರ ಕೇಳೂದು ಬಿಡಬ್ಯಾಡ, ಇನ್ನೊಬ್ಬರನ್ನೂ ಕೇಳು. ಯಾರರೆ ಬರದು ಕೊಟ್ಟರ..." ಪಟ್ಟಿಯನ್ನು ಅವಳ ಕಡೆ ತಿರುಗಿಸಿದೆ. "ಬರದು ಕೊಟ್ಟರ ಪಟ್ಟಿ ಪೂರಾ ಓದು. ಲೆಕ್ಕ ಸರಿ ಇದ್ರ ಅವರ ಕೈಲೇ ಮಾಡಿಸು. ಫಾರ್ಮಿನಾಗ ಅವರ ಹೆಸರಿಗೆ ಒಂದು ಕಾಲಂ ಇರತೈತಿ. ಅದನ್ನ ಖಾಲಿ ಬಿಡಬ್ಯಾಡ."

ಅವಳು ಮೊಬೈಲಿನಲ್ಲಿ ಪಟ್ಟಿಯ ಫೋಟೋ ತೆಗೆದುಕೊಂಡು ಹೋದಳು. ಬೆತ್ತದ ಕುರ್ಚಿ ಸ್ವಲ್ಪ ಹೊತ್ತು ಕಿರುಗುಟ್ಟಿ ಸುಮ್ಮನಾಯಿತು. ನಾನು ಖರೀದಿಪತ್ರದ ಕೊನೆಯ ಹಾಳೆಯನ್ನು ಇನ್ನೊಮ್ಮೆ ನೋಡಿದೆ, ನನ್ನದೇ ಪೆನ್ನಿನ ಮಸಿ, ಅವರ ಅಕ್ಷರ. ಫೈಲನ್ನು ತೆರೆದೇ ಇಡೋಣ ಎನಿಸಿತು. ಆದರೆ ತೆರೆದ ಪ್ರತಿ ಸಲವೂ ಆ ವಾಸನೆ ಒಂದಿಷ್ಟು ಹೊರಗೆ ಹೋಗುತ್ತದೆ, ಈ ಸಲ ಹಿಂದಿಗಿಂತ ಕಡಿಮೆಯಿತ್ತು... ಮುಚ್ಚಿ, ದಾರವನ್ನು ಅವರು ಕಟ್ಟುತ್ತಿದ್ದ ಹಾಗೆಯೇ ಎರಡು ಸುತ್ತು ಸುತ್ತಿ ಕಟ್ಟಿದೆ.